ನಿಂತ ನೆಲ ಯಾರದು? ಕಟ್ಟಡದ ಫೋಟೊ ತೆಗೆಯುವ ಮುನ್ನ ತಿಳಿದಿರಬೇಕಾದದ್ದು

ಉಡುಪಿಯ ರಥಬೀದಿಯಲ್ಲಿ ನಿಂತು ಅಷ್ಟಮಠಗಳ ಎದುರು ಭಾಗವನ್ನು ಎಷ್ಟು ಸಲ ಕ್ಲಿಕ್ಕಿಸಿದರೂ ಕೇಳುವವರಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ಯಾವುದೋ ಮಠದ ಜಗಲಿ ಹತ್ತಿ ಕ್ಯಾಮೆರಾ ಎತ್ತಿದರೆ ಒಳಗಿನಿಂದ ‘ಫೋಟೊ ಬೇಡ’ ಎಂಬ ಮಾತು ಬರಬಹುದು. ಮಣಿಪಾಲದ ಹೆದ್ದಾರಿ ಬದಿಯಿಂದ ಮಾಲೊಂದರ ಗಾಜಿನ ಗೋಡೆಯ ಚಿತ್ರ ತೆಗೆದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಾಲಿನ ಪಾರ್ಕಿಂಗಿನಲ್ಲಿ ಟ್ರೈಪಾಡ್ ಬಿಚ್ಚಿದ ಕೂಡಲೇ ಸೆಕ್ಯುರಿಟಿಯವರು ಬಂದು ನಿಲ್ಲುತ್ತಾರೆ. ಕಟ್ಟಡ ಅದೇ, ಕ್ಯಾಮೆರಾ ಅದೇ. ಬದಲಾದದ್ದು ಕಾಲ ಕೆಳಗಿನ ನೆಲ.

ಈ ವ್ಯತ್ಯಾಸ ಗೊತ್ತಿಲ್ಲದೆ ಎರಡೂ ಕಡೆಯವರು ಜಗಳಕ್ಕೆ ಬೀಳುತ್ತಾರೆ. ‘ಕಟ್ಟಡದ ಫೋಟೊ ತೆಗೆಯುವುದು ಕಾನೂನುಬಾಹಿರ’ ಎಂದು ಕಾವಲಿನವರು ಗದರುತ್ತಾರೆ. ‘ಸಾರ್ವಜನಿಕರು ಬರುವ ಜಾಗ, ಕೇಳಲು ನೀವ್ಯಾರು’ ಎಂದು ಫೋಟೊದವರು ತಿರುಗಿ ಬೀಳುತ್ತಾರೆ. ಎರಡೂ ಮಾತು ಅರ್ಧ ತಪ್ಪು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಕಟ್ಟಡ, ಗುಡಿ, ಬಸದಿ, ಹಳೆಮನೆಗಳ ಚಿತ್ರ ತೆಗೆಯಲು ಹೊರಟವರು ಎಲ್ಲಿ ನಿಶ್ಚಿಂತರಾಗಿರಬಹುದು, ಎಲ್ಲಿ ಕೇಳಿಯೇ ಮುಂದುವರಿಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಕಟ್ಟಡದ ಚಿತ್ರಕ್ಕೆ ಕಾನೂನಿನ ಅಡ್ಡಿಯಿಲ್ಲ

ಮೊದಲು ಸಮಾಧಾನದ ಸಂಗತಿ. ಭಾರತದ ಕೃತಿಸ್ವಾಮ್ಯ ಕಾಯಿದೆ (1957) ಈ ವಿಷಯದಲ್ಲಿ ಉದಾರವಾಗಿದೆ. ಕಲಾತ್ಮಕ ವಿನ್ಯಾಸದ ಕಟ್ಟಡಕ್ಕೂ ಕೃತಿಸ್ವಾಮ್ಯ ಉಂಟು. ಆದರೆ ಕಲಂ 52(1)ರ ‘ಎಸ್’ ಉಪಕಲಮಿನ ಪ್ರಕಾರ ವಾಸ್ತುಕೃತಿಯ ಫೋಟೊ ತೆಗೆಯುವುದಾಗಲಿ, ಚಿತ್ರ ಬರೆಯುವುದಾಗಲಿ, ಅದನ್ನು ಪ್ರಕಟಿಸುವುದಾಗಲಿ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಮಾರಾಟಕ್ಕೆ ತೆಗೆಯಬಾರದು, ಸ್ವಂತಕ್ಕೆ ಮಾತ್ರ ಎಂಬ ಷರತ್ತು ಆ ಉಪಕಲಮಿನಲ್ಲಿ ಇಲ್ಲ. ಕ್ಯಾಲೆಂಡರಿಗೆ ಹಾಕಿದರೂ ಆರ್ಕಿಟೆಕ್ಟ್ ಬಂದು ‘ನನ್ನ ವಿನ್ಯಾಸ’ ಎಂದು ಕೃತಿಸ್ವಾಮ್ಯದ ದಾವೆ ಹೂಡುವಂತಿಲ್ಲ.

ಮೂರ್ತಿ, ಶಿಲ್ಪಗಳಿಗೆ ‘ಟಿ’ ಉಪಕಲಂ ಇದೆ. ಅಲ್ಲಿ ಒಂದು ಷರತ್ತು: ಶಿಲ್ಪವು ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ನೆಲೆಗೊಂಡಿರಬೇಕು. ಆವರಣ ಖಾಸಗಿಯವರದ್ದಾಗಿದ್ದರೂ ಜನರಿಗೆ ಅಲ್ಲಿ ಪ್ರವೇಶವಿದ್ದರೆ ಸಾಕು. ಸಿನಿಮಾದವರಿಗೆ ‘ಯು’ ಉಪಕಲಂ ಇನ್ನೂ ವಿಶಾಲ. ಇಂಥ ಜಾಗದ ಯಾವ ಕಲಾಕೃತಿಯನ್ನಾದರೂ ಚಲನಚಿತ್ರದಲ್ಲಿ ತೋರಿಸಬಹುದು.

ಒಂದು ಕಡೆ ಮಾತ್ರ ಎಚ್ಚರ ಬೇಕು: ಗೋಡೆಯ ಮೇಲೆ ಬಿಡಿಸಿದ ಚಿತ್ರ. ಕಾಯಿದೆಯಲ್ಲಿ ವರ್ಣಚಿತ್ರವು ಶಿಲ್ಪದಿಂದ ಬೇರೆಯದೇ ವರ್ಗ. ‘ಟಿ’ ಉಪಕಲಮಿನ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ. ಕಾಂಪೌಂಡು ಗೋಡೆಯ ಯಕ್ಷಗಾನದ ವೇಷ, ಹುಲಿವೇಷದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಸ್ವಂತಕ್ಕೆ ಇಟ್ಟುಕೊಳ್ಳುವುದು ಬೇರೆ. ಆ ಚಿತ್ರವನ್ನೇ ಚೌಕಟ್ಟಿನ ತುಂಬ ತೆಗೆದು ಟೀ-ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವುದು ಬೇರೆ. ಎರಡನೆಯದಕ್ಕೆ ಚಿತ್ರಕಾರರ ಒಪ್ಪಿಗೆ ಬೇಕು.

ಹಳೆಯ ಕಟ್ಟಡಗಳ ವಿಷಯದಲ್ಲಿ ಈ ಚರ್ಚೆಯೇ ಹುಟ್ಟುವುದಿಲ್ಲ. ಕರ್ತೃ ತೀರಿಕೊಂಡ ನಂತರ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಕಾರ್ಕಳದ ಗೊಮ್ಮಟನ ಮೇಲಾಗಲಿ, 1586ರ ಚತುರ್ಮುಖ ಬಸದಿಯ ಮೇಲಾಗಲಿ ಯಾರಿಗೂ ಕೃತಿಸ್ವಾಮ್ಯ ಉಳಿದಿಲ್ಲ.

ಎಲ್ಲ ದೇಶಗಳಲ್ಲೂ ಹೀಗಿಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರ ಹಗಲಿನಲ್ಲಿ ಎಲ್ಲರದೂ ಆದರೂ ರಾತ್ರಿಯ ಅದರ ದೀಪಾಲಂಕಾರದ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಬೇಕು. ಪರದೇಶದ ಇಂಥ ನಿಯಮ ಓದಿ ನಮ್ಮೂರಲ್ಲೂ ಹಾಗೆಯೇ ಎಂದುಕೊಳ್ಳುವುದು ಬೇಡ.

ನಿರ್ಬಂಧ ಬರುವುದು ನೆಲದ ಒಡೆತನದಿಂದ

ಹಾಗಾದರೆ ‘ಫೋಟೊ ನಿಷೇಧ’ದ ಫಲಕಕ್ಕೆ ಬಲ ಎಲ್ಲಿಂದ? ಜಾಗದ ಒಡೆತನದಿಂದ. ಮಾಲ್, ಖಾಸಗಿ ಆಸ್ಪತ್ರೆ, ಕಾಲೇಜಿನ ಕ್ಯಾಂಪಸ್, ಮಠ, ಟ್ರಸ್ಟಿನ ಮ್ಯೂಸಿಯಂ, ರೆಸಾರ್ಟ್, ಕಲ್ಯಾಣಮಂಟಪ ಇವೆಲ್ಲ ಜನರಿಗೆ ತೆರೆದ ಖಾಸಗಿ ಜಾಗಗಳು. ಬರುವವರನ್ನು ಬರಬಿಡುವ ಹಕ್ಕು ಹೇಗೆ ಮಾಲೀಕರದ್ದೋ, ಬಂದವರು ಹೇಗಿರಬೇಕೆಂದು ಷರತ್ತು ಹಾಕುವ ಹಕ್ಕೂ ಅವರದ್ದೇ. ಚಪ್ಪಲಿ ಬಿಡಿ, ಬ್ಯಾಗ್ ಇಡಿ, ಕ್ಯಾಮೆರಾ ಬೇಡ ಎಂಬ ಮೂರೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಜಾತಿಯ ಷರತ್ತು. ಟಿಕೆಟ್ ಕೊಂಡು ಒಳಹೋಗುವ ಕಡೆ ಫಲಕದಲ್ಲೋ ಚೀಟಿಯ ಬೆನ್ನಲ್ಲೋ ಇರುವ ನಿಯಮ ನೀವು ಒಪ್ಪಿಕೊಂಡ ಕರಾರಿನ ಭಾಗವಾಗುತ್ತದೆ.

ಷರತ್ತು ಮುರಿದ ಮಾತ್ರಕ್ಕೆ ನೀವು ಅಪರಾಧಿಯಾಗುವುದಿಲ್ಲ. ಆದರೆ ‘ಹೊರಗೆ ಹೋಗಿ’ ಎಂದ ಮೇಲೂ ಜಗಳಕ್ಕೆ ನಿಂತರೆ ಕಥೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 329 ಅಕ್ರಮ ಪ್ರವೇಶದ ಬಗ್ಗೆ ಹೇಳುತ್ತದೆ. ಸಕ್ರಮವಾಗಿ ಒಳಬಂದವರೂ ಜಾಗದವರನ್ನು ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶದಿಂದ ಅಲ್ಲೇ ಉಳಿದರೆ ಅದರ ವ್ಯಾಪ್ತಿಗೆ ಬರುತ್ತಾರೆ. ಶಿಕ್ಷೆ ಮೂರು ತಿಂಗಳವರೆಗಿನ ಸಜೆ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ. ವಾಸದ ಮನೆ, ಪೂಜಾಸ್ಥಳಗಳ ಒಳಗಾದರೆ ಸಜೆ ಒಂದು ವರ್ಷದವರೆಗೂ ಹೋಗಬಹುದು.

ನೆಲ ಯಾರದ್ದೆಂದು ತಿಳಿಯುವುದು ಹೇಗೆ?

ಕರಾವಳಿಯ ಪೇಟೆಗಳಲ್ಲಿ ರಸ್ತೆ ಎಲ್ಲಿ ಮುಗಿದು ಅಂಗಳ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅಂಗಡಿ ಸಾಲಿನ ಮುಂದೆ ಇಂಟರ್‌ಲಾಕ್ ಹಾಕಿದ ಜಾಗ ಹೆಚ್ಚಾಗಿ ಕಟ್ಟಡದ ಮುಂದೆ ನಿಯಮದಂತೆ ಬಿಟ್ಟ ಖಾಸಗಿ ಜಾಗ. ನೋಡಿದರೆ ಫುಟ್‌ಪಾತಿನಂತೆಯೇ ಕಾಣುತ್ತದೆ. ಚರಂಡಿಯ ಸ್ಲ್ಯಾಬ್, ವಿದ್ಯುತ್ ಕಂಬಗಳ ಸಾಲು ಒಂದು ಅಂದಾಜು ಕೊಡುತ್ತವೆ. ಕಾಪುವಿನ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯಾಗಲಿ, ಮಣಿಪಾಲದ ಟೈಗರ್ ಸರ್ಕಲ್ ಮೂಲಕ ಸಾಗುವ 169ಎ ಹೆದ್ದಾರಿಯ ಅಂಚಾಗಲಿ ಸಾರ್ವಜನಿಕ ಜಾಗ.

ಸಂದೇಹವಿದ್ದರೆ ರಾಜ್ಯದ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆ ನಂಬರ್ ಹಿಡಿದು ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಬಹುದು. ಊರ ಹೊರಗಿನ ಗುಡ್ಡ, ಕೆರೆ, ಬಸದಿಗಳ ಸುತ್ತಿನ ಜಾಗಕ್ಕೆ ಇದು ಬಲು ಉಪಯೋಗ. ಪೇಟೆಯೊಳಗಿನ ನಿವೇಶನಗಳಿಗೆ ಮಾತ್ರ ಸ್ಥಳೀಯ ಸಂಸ್ಥೆಯ ಖಾತೆಯೇ ಆಧಾರ: ಉಡುಪಿ, ಮಣಿಪಾಲಕ್ಕೆ ಉಡುಪಿ ನಗರಸಭೆ, ಕಾಪುವಿಗೂ ಕಾರ್ಕಳಕ್ಕೂ ಅಲ್ಲಲ್ಲಿನ ಪುರಸಭೆ.

ತಿರುಗಾಮುರುಗಾ ಆದ ಜಾಗಗಳೂ ಉಂಟು. ಸರಕಾರಿ ಬೀಚು, ಪಾರ್ಕುಗಳ ನಿರ್ವಹಣೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಅಲ್ಲಿ ನೆಲ ಜನರದ್ದು, ಟಿಕೆಟ್ ಪುಸ್ತಕ ಗುತ್ತಿಗೆದಾರರ ಕೈಯಲ್ಲಿ. ಹೊಸ ಶುಲ್ಕ ಅಥವಾ ನಿಷೇಧ ಹೇಳಿದರೆ ಜಿಲ್ಲಾಡಳಿತ ಇಲ್ಲವೇ ಪ್ರವಾಸೋದ್ಯಮ ಇಲಾಖೆ ಒಪ್ಪಿದ ದರಪಟ್ಟಿ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಉಡುಪಿ: ಬೀದಿ ಬಯಲು, ಒಳಗೆ ಮಠದ ಕಟ್ಟಳೆ

ರಥಬೀದಿಯಿಂದ ಕಾಣುವ ಕನಕ ಗೋಪುರ, ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳ ಹೊರನೋಟ, ತೇರುಗಳು ಎಲ್ಲ ನಿಮ್ಮ ಕ್ಯಾಮೆರಾಕ್ಕೆ ಮುಕ್ತ. ಶ್ರೀಕೃಷ್ಣ ಮಠದ ಒಳಗೆ ಫೋಟೊ, ವಿಡಿಯೊಗೆ ಅವಕಾಶವಿಲ್ಲ. ಸುತ್ತಲಿನ ಪೇಜಾವರ, ಪಲಿಮಾರು, ಅದಮಾರು, ಪುತ್ತಿಗೆ, ಸೋದೆ, ಕಾಣಿಯೂರು, ಶೀರೂರು, ಕೃಷ್ಣಾಪುರ ಮಠಗಳು ಒಂದೊಂದೂ ಬೇರೆ ಬೇರೆ ಸಂಸ್ಥೆ. ಒಂದು ಮಠದವರು ಬಿಟ್ಟರೆಂದು ಪಕ್ಕದ ಮಠದ ಚಾವಡಿಗೆ ನುಗ್ಗುವಂತಿಲ್ಲ.

ಲೇಖನ, ಪುಸ್ತಕ, ಸಂಶೋಧನೆಗಾಗಿ ಅನುಮತಿ ಕೇಳುವವರು ಪರ್ಯಾಯದ ಲೆಕ್ಕ ತಿಳಿದಿರಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣ ಮಠದ ಆಡಳಿತ ಮುಂದಿನ ಮಠಕ್ಕೆ ಹೋಗುತ್ತದೆ. 2024ರಲ್ಲಿ ಪುತ್ತಿಗೆ ಮಠದ ಸರದಿ, 2026ರಲ್ಲಿ ಶೀರೂರು ಮಠದ್ದು. ಹಿಂದಿನ ಪರ್ಯಾಯದಲ್ಲಿ ಸಿಕ್ಕಿದ ಒಪ್ಪಿಗೆ ಈಗಲೂ ನಡೆಯುತ್ತದೆ ಎಂದು ನಂಬಿ ಹೋಗಬೇಡಿ. ಪತ್ರ ಹಾಲಿ ಪರ್ಯಾಯ ಮಠದ ದಿವಾನರಿಗೆ ಇರಲಿ.

ಮುಜರಾಯಿ ದೇವಸ್ಥಾನಗಳ ನಿಯಮ ಬೇರೆ. ರಾಜ್ಯದ ಧಾರ್ಮಿಕ ದತ್ತಿ ಇಲಾಖೆ 2023ರ ಜುಲೈಯಲ್ಲಿ ತನ್ನ ವ್ಯಾಪ್ತಿಯ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ಅಂಥ ದೇವಸ್ಥಾನದಲ್ಲಿ ಪೂಜೆಯ ಭಟ್ಟರು ಕಣ್ಣುಮುಚ್ಚಿ ಬಿಟ್ಟರೂ ನಿಯಮ ಇದ್ದೇ ಇರುತ್ತದೆ.

ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕಿನ ಕಥೆ ಹೇಳುವ ನಾಣ್ಯ ಸಂಗ್ರಹಾಲಯ ಅವರ ಹಳೆಯ ಮನೆಯಲ್ಲೇ ಇದೆ. ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ಇಂಥ ಕಡೆ ಮನೆಯ ಹೊರನೋಟಕ್ಕೆ ತಕರಾರಿರುವುದಿಲ್ಲ. ಒಳಗಿನ ವಸ್ತುಗಳ ಚಿತ್ರಕ್ಕೆ ಮುಂಚೆಯೇ ಕೇಳಿಕೊಳ್ಳಿ.

ಮಣಿಪಾಲ: ಕ್ಯಾಂಪಸ್ಸೇ ಊರು

ಜನರಿಗೆ ತೆರೆದ ಖಾಸಗಿ ಜಾಗ ಹೇಗಿರುತ್ತದೆಂದು ತಿಳಿಯಲು ಮಣಿಪಾಲಕ್ಕಿಂತ ಒಳ್ಳೆಯ ಊರು ಜಿಲ್ಲೆಯಲ್ಲಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದ ಮೇಲೆ ಬೋಳುಗುಡ್ಡದ ಮೇಲೆ ಸಂಸ್ಥೆಯೂ ಊರೂ ಜೊತೆಜೊತೆಗೇ ಬೆಳೆದವು. ಹೀಗಾಗಿ ಊರಿನ ರಸ್ತೆ, ಕ್ಯಾಂಪಸ್ಸಿನ ರಸ್ತೆ ಒಂದರೊಳಗೊಂದು ಹೆಣೆದುಕೊಂಡಿವೆ. ಸ್ವರ್ಣಾ ನದಿಯ ಕಣಿವೆ ಕಾಣುವ ಎಂಡ್ ಪಾಯಿಂಟಿಗೆ ಸಂಜೆ ಊರವರೆಲ್ಲ ವಾಯುವಿಹಾರಕ್ಕೆ ಬರುತ್ತಾರೆ. ಆದರೂ ಅದು ಮಾಹೆ ವಿಶ್ವವಿದ್ಯಾಲಯದ ನಿರ್ವಹಣೆಯಲ್ಲಿರುವ ಜಾಗ. ನದಿಯ ಕಡೆ ಮುಖ ಮಾಡಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯುವುದಕ್ಕೂ ಲೈಟು, ರಿಫ್ಲೆಕ್ಟರ್, ಬಟ್ಟೆಯ ಪೆಟ್ಟಿಗೆ ಹೊತ್ತು ಪ್ರಿ-ವೆಡ್ಡಿಂಗ್ ಶೂಟಿಗೆ ಬರುವುದಕ್ಕೂ ಬಹಳ ಅಂತರ. ಎರಡನೆಯದಕ್ಕೆ ಮುಂಚಿತವಾಗಿ ಸಂಸ್ಥೆಯ ಒಪ್ಪಿಗೆ ಪಡೆಯಿರಿ.

ಆಸ್ಪತ್ರೆಯ ಆವರಣದಲ್ಲಿ ಕಟ್ಟಡಕ್ಕಿಂತ ಮುಖ್ಯವಾದದ್ದು ಅಲ್ಲಿರುವ ರೋಗಿಗಳು. ಹೊರರೋಗಿ ವಿಭಾಗದ ಸರತಿ, ಐಸಿಯು ಬಾಗಿಲಲ್ಲಿ ಕೂತವರ ಮುಖ ನಿಮ್ಮ ಚೌಕಟ್ಟಿಗೆ ಬರಬಾರದು. ಮಣಿಪಾಲದ ಅಂಗರಚನಾ ಮತ್ತು ರೋಗಶಾಸ್ತ್ರ ಮ್ಯೂಸಿಯಮ್ಮಿನಲ್ಲಿ ಫೋಟೊ ನಿಷೇಧವಿರುವುದೂ ಇದೇ ಗೌರವದಿಂದ. ಅಲ್ಲಿ ಇಟ್ಟಿರುವುದು ಮನುಷ್ಯರ ದೇಹದ ಭಾಗಗಳು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಈ ಲೇಖನದ ವಿಷಯಕ್ಕೆ ಅಚ್ಚುಕಟ್ಟಾದ ಉದಾಹರಣೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿಸಿದರು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕಾಪು ಸೀಮೆಯ ಕುಂಜೂರಿನ ಚೌಕಿಮನೆ, ಕುಂದಾಪುರದ ಕಡೆಯ ಹರ್ಕೂರು ಮನೆ, ಉತ್ತರ ಕರ್ನಾಟಕದ ಕುಕನೂರಿನ ಕಮಲ್ ಮಹಲ್ ಎಲ್ಲ ಒಂದೇ ಆವರಣದಲ್ಲಿವೆ. ಒಳಗೆ ಫೋಟೊಗೆ ನಿರ್ಬಂಧವಿರುವುದು ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ನೂರಾರು ವರ್ಷದ ಈ ಮನೆಗಳ ಮೇಲೆ ಕೃತಿಸ್ವಾಮ್ಯ ಯಾರದ್ದೂ ಇಲ್ಲ. ನಿರ್ಬಂಧಕ್ಕೆ ಬಲ ಕೊಡುವುದು ಜಾಗ ಟ್ರಸ್ಟಿನದ್ದು, ನೀವು ಟಿಕೆಟ್ ಕೊಂಡು ಷರತ್ತಿಗೊಪ್ಪಿ ಬಂದವರು ಎಂಬುದು. ಅಧ್ಯಯನಕ್ಕಾಗಿ ಚಿತ್ರ ಬೇಕಾದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಕಾಲೇಜಿನ ಪತ್ರದೊಂದಿಗೆ ಮುಂಚೆಯೇ ಬರೆಯುವುದು ಒಳ್ಳೆಯದು. ಟಿಕೆಟ್ ಕೌಂಟರಿನಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ.

ಕಾಪು: ದೀಪಸ್ತಂಭ, ಕಡಲತೀರ ಮತ್ತು ಕ್ಯಾಮೆರಾ ಮುಚ್ಚಬೇಕಾದ ಜಾಗಗಳು

1901ರ ಕಾಪು ದೀಪಸ್ತಂಭ ಕೇಂದ್ರ ಸರಕಾರದ ದೀಪಸ್ತಂಭ ನಿರ್ದೇಶನಾಲಯಕ್ಕೆ ಸೇರಿದ್ದು. ಮರಳಿನ ಮೇಲೆ ನಿಂತು, ಬಂಡೆಯ ಕೆಳಗಿನಿಂದ ಎಷ್ಟು ಚಿತ್ರ ಬೇಕಾದರೂ ತೆಗೆಯಿರಿ. ಮೇಲೆ ಹತ್ತಲು ಸಂಜೆಯ ನಿಗದಿತ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ; ಕ್ಯಾಮೆರಾಕ್ಕೆ ಬೇರೆ ಶುಲ್ಕ ಇದೆಯೇ ಎಂದು ಟಿಕೆಟ್ ಕೊಡುವಲ್ಲೇ ಕೇಳಿ. ಮೇಲಿನ ದೀಪದ ಯಂತ್ರಗಳು ನಾವಿಕರಿಗಾಗಿ ಈಗಲೂ ಕೆಲಸ ಮಾಡುತ್ತಿವೆ, ಸಿಬ್ಬಂದಿ ಬೇಡವೆಂದ ಕಡೆ ಕೈಹಾಕಬೇಡಿ. ಕಡಲತೀರಕ್ಕೆ ತಾಗಿದ ರೆಸಾರ್ಟುಗಳ ಒಳಗೆ ಅವರ ನಿಯಮ ನಡೆಯುತ್ತದೆ. ಅಲೆ ಬಂದು ಹೋಗುವ ಮರಳಿನ ಮೇಲೆ ನಡೆಯುವುದಿಲ್ಲ.

ಕಾಪು ತಾಲೂಕಿನಲ್ಲಿ ಇನ್ನೊಂದು ಜಾತಿಯ ಜಾಗಗಳೂ ಇವೆ. ಪಾದೂರಿನಲ್ಲಿ ನೆಲದಡಿಯ ಬಂಡೆಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಇಡಬಲ್ಲ ದೇಶದ ತುರ್ತು ತೈಲ ಸಂಗ್ರಹಾಗಾರವಿದೆ. ಎಲ್ಲೂರಿನಲ್ಲಿ 1,200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವಿದೆ. ಆಚೆ ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನ ಹಡಗು ಕಟ್ಟುವ ಅಂಗಳವಿದೆ. ಇವುಗಳ ಬೇಲಿ, ಗೇಟು, ಪೈಪು, ಕಟ್ಟುತ್ತಿರುವ ಹಡಗುಗಳನ್ನು ಗುರಿ ಮಾಡಿ ಜೂಮ್ ಹಾಕುವುದು ಬೇಡ. ನಿಷೇಧಿತ ಸ್ಥಳವೆಂಬ ಫಲಕ ಇದ್ದಲ್ಲಿ 1923ರ ಅಧಿಕೃತ ರಹಸ್ಯ ಕಾಯಿದೆಯ ಮಾತು ಬರುತ್ತದೆ. ಅಲ್ಲಿ ನೀವು ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದೀರಿ ಎಂಬುದಷ್ಟೇ ರಕ್ಷಣೆಯಾಗದು.

ಗುತ್ತಿನ ಮನೆ: ತುಳುನಾಡಿನ ತೆರೆದ ಅಂಗಳ

ಮಾಲುಗಳು ಬರುವ ಎಷ್ಟೋ ಮೊದಲೇ ತುಳುನಾಡಿನಲ್ಲಿ ಜನರಿಗೆ ತೆರೆದ ಖಾಸಗಿ ಜಾಗ ಇತ್ತು: ಗುತ್ತು, ಬೀಡುಗಳ ಅಂಗಳ. ಮನೆ ಒಂದು ಕುಟುಂಬದ್ದು, ಅಲ್ಲಿ ನಡೆಯುವ ದೈವದ ಕೋಲ, ನೇಮ ಮಾತ್ರ ಇಡೀ ಗ್ರಾಮದ್ದು. ನೇಮದ ರಾತ್ರಿ ಯಾರು ಬಂದರೂ ಬನ್ನಿ ಎನ್ನುತ್ತಾರೆ, ಊಟವನ್ನೂ ಬಡಿಸುತ್ತಾರೆ. ಹಾಗೆಂದು ಮರುದಿನ ಬೆಳಿಗ್ಗೆ ಕ್ಯಾಮೆರಾ ಹಿಡಿದು ಚಾವಡಿಯ ಕಂಬದ ಕೆತ್ತನೆಗೆ ಲೆನ್ಸ್ ಹಚ್ಚಲು ಅದು ಪರವಾನಗಿಯಲ್ಲ.

ಇಲ್ಲಿ ಕೇಳಬೇಕಾದವರು ಇಬ್ಬರು. ಮನೆ, ಚಾವಡಿ, ಉಪ್ಪರಿಗೆಯ ಚಿತ್ರಕ್ಕೆ ಮನೆಯ ಯಜಮಾನರು. ದೈವಸ್ಥಾನದ ಮೊಗ (ಮುಖವಾಡ), ಕಡ್ಸಲೆ (ಖಡ್ಗ), ಉಜ್ಜಾಲು (ತೂಗುಮಂಚ) ಇವುಗಳ ಚಿತ್ರಕ್ಕೆ ಆಡಳಿತ ನೋಡಿಕೊಳ್ಳುವವರು. ಗರಡಿ, ನಾಗಬನಗಳಿಗೂ ಇದೇ ಕ್ರಮ. ದೈವಕ್ಕೆ ವೇಷ ಕಟ್ಟುವವರ ಬಣ್ಣಗಾರಿಕೆಯ ಹೊತ್ತಿನ ಚಿತ್ರ ತೆಗೆಯುವುದಾದರೆ ಅವರನ್ನೇ ಕೇಳಬೇಕು. ಮನೆಯವರ ಒಪ್ಪಿಗೆ ಅವರ ಪರವಾಗಿ ನಡೆಯುವುದಿಲ್ಲ. ‘ಕಟ್ಟಡದ ಚಿತ್ರಕ್ಕೆ ಕಾನೂನು ಬಿಟ್ಟಿದೆ’ ಎಂಬ ವಾದ ಇಂಥ ಅಂಗಳದಲ್ಲಿ ಎತ್ತಿದವರಿಗೆ ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ.

ಕಾರ್ಕಳ: ಪುರಾತತ್ತ್ವ ಇಲಾಖೆಯ ನಿಯಮ ಹಗುರ, ಬಸದಿಯದ್ದು ಬಿಗಿ

42 ಅಡಿಯ ಗೊಮ್ಮಟ ಮತ್ತು ನಾಲ್ಕೂ ದಿಕ್ಕಿಗೆ ಒಂದೇ ಮುಖವಿರುವ ಚತುರ್ಮುಖ ಬಸದಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 2018ರ ಜುಲೈಯಲ್ಲಿ ಇಲಾಖೆ ತನ್ನ ಸ್ಮಾರಕಗಳಲ್ಲಿ ಫೋಟೊಗ್ರಫಿಯ ನಿಷೇಧವನ್ನು ಸಡಿಲಿಸಿತು; ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್‌ಮಹಲಿನ ಗೋರಿಯ ಭಾಗ ಮಾತ್ರ ಹೊರತು. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಇಲ್ಲಿ ತೊಂದರೆಯಿಲ್ಲ. ಟ್ರೈಪಾಡ್, ಲೈಟು, ಸಿನಿಮಾ ಅಥವಾ ಜಾಹೀರಾತಿನ ಚಿತ್ರೀಕರಣಕ್ಕೆ ಇಲಾಖೆಯ ಬೆಂಗಳೂರು ವೃತ್ತದ ಅಧೀಕ್ಷಕ ಪುರಾತತ್ತ್ವಜ್ಞರ ಲಿಖಿತ ಪರವಾನಗಿ ಬೇಕು.

ಆದರೆ ಇವು ಪೂಜೆ ನಡೆಯುವ ಸ್ಥಳಗಳೂ ಹೌದು. ಚತುರ್ಮುಖ ಬಸದಿಯ ಕಲ್ಲಿನ ಕಂಬಗಳ ನಡುವೆ ಓಡಾಡಿ ಚಿತ್ರ ತೆಗೆಯಬಹುದು. ಗರ್ಭಗೃಹದ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳ ಎದುರು ಕ್ಯಾಮೆರಾ ಎತ್ತುವ ಮುನ್ನ ಅಲ್ಲಿನ ಅರ್ಚಕರಾದ ಇಂದ್ರರನ್ನು ಕೇಳಿ. ಹಿರಿಯಂಗಡಿಯ ಬಸದಿಗಳಿಗೂ ಆನೆಕೆರೆಯ ನಡುವಿನ ಕೆರೆಬಸದಿಗೂ ಇದೇ ಮಾತು. ಕೆರೆಯ ದಂಡೆಯಿಂದ ತೆಗೆದರೆ ಯಾರನ್ನೂ ಕೇಳಬೇಕಾಗಿಲ್ಲ.

ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾಕ್ಕೆ ಜನವರಿಯ ಸಾಂತ್‌ಮಾರಿಯಲ್ಲಿ ಎಲ್ಲ ಧರ್ಮದವರೂ ಹೋಗುತ್ತಾರೆ. ಹೊರಗಿನ ಜಾತ್ರೆಯ ಚಿತ್ರ ಧಾರಾಳವಾಗಿ ತೆಗೆಯಿರಿ. ಬಲಿಪೂಜೆಯ ಹೊತ್ತಿನಲ್ಲಿ ಒಳಗೆ ಫ್ಲ್ಯಾಶ್ ಹಾಕುವುದು ಬೇಡ.

ಬೈಲೂರಿನ ಉಮಿಕಲ್ ಬೆಟ್ಟದ ಪರಶುರಾಮ ಥೀಮ್ ಪಾರ್ಕ್ ಸರಕಾರಿ ಹಣದಲ್ಲಿ ಕಟ್ಟಿದ್ದು. 2023ರ ಜನವರಿಯಲ್ಲಿ ಉದ್ಘಾಟನೆಯಾಗಿ, ಅದೇ ವರ್ಷ ಮೂರ್ತಿಯ ಗುಣಮಟ್ಟದ ವಿವಾದದಲ್ಲಿ ಸಿಲುಕಿ ಪ್ರವೇಶಕ್ಕೆ ನಿರ್ಬಂಧ ಬಂತು. ಸಾರ್ವಜನಿಕ ಆಸ್ತಿಯನ್ನೂ ಆಡಳಿತ ಹೀಗೆ ಮುಚ್ಚಬಹುದು. ಹತ್ತುವ ಮುನ್ನ ಅಲ್ಲಿನ ಈಗಿನ ಸ್ಥಿತಿ ವಿಚಾರಿಸಿ.

ಸೆಕ್ಯುರಿಟಿ ತಡೆದರೆ

ಖಾಸಗಿ ಜಾಗದ ಕಾವಲಿನವರಿಗೆ ಇರುವ ಅಧಿಕಾರ ಮಾಲೀಕರ ಪರವಾಗಿ ಬಂದದ್ದು. ಫೋಟೊ ನಿಲ್ಲಿಸಿ ಎನ್ನಬಹುದು, ಹೊರಗೆ ಹೋಗಿ ಎನ್ನಬಹುದು, ಕೇಳದಿದ್ದರೆ 112ಕ್ಕೆ ಕರೆ ಮಾಡಬಹುದು. ಫೋನ್ ಕಿತ್ತುಕೊಳ್ಳುವ, ಚಿತ್ರ ಅಳಿಸಲು ಒತ್ತಾಯಿಸುವ, ಕೋಣೆಯಲ್ಲಿ ಕೂಡಿಹಾಕುವ ಅಧಿಕಾರ ಅವರಿಗಿಲ್ಲ. ಅಕ್ರಮವಾಗಿ ತಡೆದು ನಿಲ್ಲಿಸುವುದು ನ್ಯಾಯ ಸಂಹಿತೆಯ ಕಲಂ 126ರ ಅಡಿ, ಕೂಡಿಹಾಕುವುದು 127ರ ಅಡಿ ಅಪರಾಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಖಾಸಗಿ ವ್ಯಕ್ತಿಗೂ ಇನ್ನೊಬ್ಬರನ್ನು ಹಿಡಿದುಕೊಡುವ ಅವಕಾಶ ನೀಡುತ್ತದೆ, ಆದರೆ ತನ್ನ ಕಣ್ಣೆದುರು ಜಾಮೀನುರಹಿತ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ನಡೆದಾಗ ಅಥವಾ ಆತ ಘೋಷಿತ ಅಪರಾಧಿಯಾಗಿದ್ದಾಗ ಮಾತ್ರ. ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಟ್ಟಡದ ಫೋಟೊ ಆ ಸಾಲಿಗೆ ಬರುವುದಿಲ್ಲ.

ಇಷ್ಟು ತಿಳಿದಿರಿ, ಆದರೆ ಕಲಮು ಉದುರಿಸುತ್ತ ಮಾತು ಶುರು ಮಾಡಬೇಡಿ. ಗೇಟಿನಲ್ಲಿ ನಿಂತವರು ಹನ್ನೆರಡು ತಾಸಿನ ಪಾಳಿಯಲ್ಲಿರುವ ಅಣ್ಣನೋ ಅಕ್ಕನೋ ಆಗಿರುತ್ತಾರೆ. ನಿಯಮ ಮಾಡಿದವರು ಅವರಲ್ಲ. ‘ಅಣ್ಣಾ, ಆಫೀಸಿನಲ್ಲಿ ಯಾರನ್ನು ಕೇಳಬೇಕು?’ ಎಂದರೆ ಹೆಸರು, ಕೋಣೆ ಎರಡೂ ಸಿಗುತ್ತವೆ. ಸಿಗದಿದ್ದರೆ ರಸ್ತೆಗೆ ಬಂದು ಅಲ್ಲಿಂದಲೇ ಕಟ್ಟಡದ ಚಿತ್ರ ತೆಗೆಯಿರಿ; ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ.

ರಸ್ತೆಯಿಂದ ತೆಗೆದರೂ ಮನುಷ್ಯರ ವಿಷಯದಲ್ಲಿ ಗೆರೆ ದಾಟುವಂತಿಲ್ಲ. ಕಿಟಕಿಯೊಳಗೆ ಜೂಮ್ ಹಾಕಿ ಹೆಣ್ಣುಮಕ್ಕಳ ಖಾಸಗಿ ಕ್ಷಣ ಸೆರೆಹಿಡಿಯುವುದು ನ್ಯಾಯ ಸಂಹಿತೆಯ ಕಲಂ 77ರ ಅಪರಾಧ. ಯಾರದೇ ಗುಪ್ತಾಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಸಜೆ. ಹಾಸ್ಟೆಲ್ಲುಗಳೇ ತುಂಬಿದ ಮಣಿಪಾಲದಲ್ಲಿ ಬಾಲ್ಕನಿಗಳತ್ತ ಲೆನ್ಸ್ ತಿರುಗಿಸುವವರು ಇದನ್ನು ನೆನಪಿಡಬೇಕು.

ದುಡ್ಡಿನ ಕೆಲಸವಾದರೆ

ಕೃತಿಸ್ವಾಮ್ಯ ಕಾಯಿದೆ ಅಡ್ಡಬಾರದಿದ್ದರೂ ವ್ಯಾಪಾರದ ಚಿತ್ರಕ್ಕೆ ಇನ್ನೊಂದು ತೊಡಕು ಟ್ರೇಡ್‌ಮಾರ್ಕಿನದ್ದು. ಮುಂಬೈಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲು 2017ರಲ್ಲಿ ತನ್ನ ಕಟ್ಟಡದ ರೂಪವನ್ನೇ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. ದೇಶದಲ್ಲಿ ಕಟ್ಟಡಕ್ಕೆ ಅದೇ ಮೊದಲು. ಪ್ರವಾಸಿಗರ ಫೋಟೊಗೆ ಇದರಿಂದ ಧಕ್ಕೆಯಿಲ್ಲ, ಆ ಚಿತ್ರವನ್ನು ತನ್ನ ಸರಕಿನ ಗುರುತಾಗಿ ಬಳಸುವವರಿಗೆ ಮಾತ್ರ ತೊಂದರೆ. ನಮ್ಮಲ್ಲೂ ಆಸ್ಪತ್ರೆ, ಕಾಲೇಜು, ಬ್ಯಾಂಕಿನ ಹೆಸರು, ಲಾಂಛನ ಕಾಣುವ ಚಿತ್ರವನ್ನು ನಿಮ್ಮ ಪಿಜಿ, ಕೋಚಿಂಗ್ ಸೆಂಟರ್, ಮಾತ್ರೆಯ ಜಾಹೀರಾತಿಗೆ ಹಾಕಿದರೆ ಆ ಸಂಸ್ಥೆ ನಿಮ್ಮ ಬೆನ್ನಿಗಿದೆ ಎಂಬ ಅರ್ಥ ಬರುತ್ತದೆ. ನೋಟಿಸು ಬರುವುದು ಅದಕ್ಕೆ.

ಡ್ರೋನಿನ ನಿಯಮ ಪೂರ್ತಿ ಬೇರೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದ್ದಾರೆ; ಹಾರಿಸುವ ದಿನವೇ ಡಿಜಿಟಲ್ ಸ್ಕೈ ನಕ್ಷೆ ನೋಡಬೇಕು. 250 ಗ್ರಾಂ ಒಳಗಿನ ನ್ಯಾನೊ ಡ್ರೋನಿಗೂ, ವ್ಯಾಪಾರಕ್ಕಲ್ಲದ 2 ಕೆ.ಜಿ. ಒಳಗಿನ ಮೈಕ್ರೊ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಡ. ಮದುವೆಯ ಗುತ್ತಿಗೆ ಹಿಡಿದು 500 ಗ್ರಾಮಿನ ಡ್ರೋನ್ ಹಾರಿಸುವವರಿಗೆ ಅದು ಬೇಕು. ವಲಯ ಹಸಿರೇ ಇದ್ದರೂ ಡ್ರೋನ್ ಏರಿಸಿ ಇಳಿಸುವ ನೆಲದ ಮಾಲೀಕರ ಒಪ್ಪಿಗೆ ಪಡೆಯಿರಿ. ಗೊಮ್ಮಟ ಬೆಟ್ಟದಂಥ ಸಂರಕ್ಷಿತ ಸ್ಮಾರಕದ ಮೇಲಾದರೆ ಪುರಾತತ್ತ್ವ ಇಲಾಖೆಯದ್ದೂ ಬೇಕು.

ಅನುಮತಿ ಪತ್ರದಲ್ಲಿ ಏನಿರಬೇಕು

ಮಠ, ಟ್ರಸ್ಟು, ಸಂಸ್ಥೆಗಳು ಪತ್ರ ತಿರಸ್ಕರಿಸುವುದು ಹೆಚ್ಚಾಗಿ ಅದು ಅಸ್ಪಷ್ಟವಾಗಿರುವ ಕಾರಣಕ್ಕೆ. ಅರ್ಧ ಪುಟ ಸಾಕು, ಹೀಗಿರಲಿ:

‘ಮಾನ್ಯರೇ, ನಿಮ್ಮ ಆವರಣದ (ಕಟ್ಟಡದ ಹೆಸರು, ಯಾವ ಭಾಗ) ಚಿತ್ರಗಳನ್ನು (ದಿನಾಂಕ), (ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ) ತೆಗೆಯಲು ಅನುಮತಿ ಕೋರುತ್ತೇನೆ. ಜೊತೆಗೆ (ಇಷ್ಟು) ಜನ ಇರುತ್ತಾರೆ, (ಟ್ರೈಪಾಡ್/ಲೈಟು) ಬಳಸುತ್ತೇವೆ/ಬಳಸುವುದಿಲ್ಲ. ಚಿತ್ರಗಳನ್ನು (ಪುಸ್ತಕ/ಪತ್ರಿಕೆ/ಅಧ್ಯಯನ/ಜಾಹೀರಾತು) ಉದ್ದೇಶಕ್ಕೆ ಮಾತ್ರ ಬಳಸುತ್ತೇವೆ. ಭಕ್ತರ, ರೋಗಿಗಳ, ವಿದ್ಯಾರ್ಥಿಗಳ ಮುಖ ಗುರುತಾಗುವಂತೆ ತೆಗೆಯುವುದಿಲ್ಲ. ಪ್ರಕಟವಾದ ಪ್ರತಿಯೊಂದನ್ನು ತಲುಪಿಸುತ್ತೇವೆ.’

ಉದ್ದೇಶವನ್ನು ಬಚ್ಚಿಡಬೇಡಿ. ಅಧ್ಯಯನಕ್ಕೆಂದು ಪಡೆದ ಒಪ್ಪಿಗೆಯಲ್ಲಿ ತೆಗೆದ ಚಿತ್ರ ಬಟ್ಟೆಯಂಗಡಿಯ ಹೋರ್ಡಿಂಗಿಗೆ ಏರಿದರೆ ಕರಾರು ಮುರಿದಂತೆ. ಒಪ್ಪಿಗೆಯನ್ನು ಬರಹದಲ್ಲಿ, ಸಹಿ ಸಮೇತ ಪಡೆದು ಅದರ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ. ಪಾಳಿ ಬದಲಾದ ಮೇಲೆ ಬರುವ ಕಾವಲಿನವರಿಗೆ ತೋರಿಸಲು ಅದೇ ಬೇಕು.

ಹೊರಡುವ ಮುನ್ನ ಕೇಳಿಕೊಳ್ಳಿ

• ನಾನು ನಿಲ್ಲುವ ಜಾಗ ರಸ್ತೆಯೋ, ಯಾರದಾದರೂ ಆವರಣವೋ?
• ಚೌಕಟ್ಟಿನಲ್ಲಿ ಇರುವುದು ಬರೀ ಕಟ್ಟಡವೋ, ಜನರೂ ಇದ್ದಾರೋ?
• ಗೋಡೆಯ ಮೇಲೆ ಬೇರೊಬ್ಬರು ಬರೆದ ಚಿತ್ರ ಇದೆಯೇ?
• ಒಳಗೆ ಪೂಜೆ, ಚಿಕಿತ್ಸೆ, ನೇಮದಂಥ ಕೆಲಸ ನಡೆಯುತ್ತಿದೆಯೇ?
• ಭದ್ರತೆಗೆ ಸಂಬಂಧಿಸಿದ ಬೇಲಿ, ಫಲಕ ಕಾಣುತ್ತಿದೆಯೇ?
• ಈ ಚಿತ್ರದಿಂದ ಯಾರಿಗಾದರೂ ಹಣ ಬರುತ್ತದೆಯೇ?

ಮೊದಲ ಪ್ರಶ್ನೆಗೆ ‘ರಸ್ತೆ’, ಉಳಿದವಕ್ಕೆ ‘ಬರೀ ಕಟ್ಟಡ, ಬೇರೇನೂ ಇಲ್ಲ’ ಎಂದಾದರೆ ಧೈರ್ಯವಾಗಿ ಕ್ಲಿಕ್ ಮಾಡಿ. ಯಾರ ಸಹಿಯೂ ಬೇಡ. ಒಂದಕ್ಕಾದರೂ ಉತ್ತರ ಬೇರೆ ಬಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ಆಫೀಸು ಹುಡುಕಿ. ಕಾಯುವ ಒಂದೆರಡು ದಿನದಲ್ಲಿ ರಸ್ತೆಯಿಂದ ಕಾಣುವುದನ್ನೆಲ್ಲ ತೆಗೆದುಕೊಳ್ಳಬಹುದು.